ಕಡಿದ ಹೊಲದಿಂದ ಎದ್ದದ್ದು

ನನ್ನ ಕೆಲಸ ಆಕಾಶ ನೋಡುವುದಾಗಿತ್ತು. ಹೀಗೆ ಹೇಳಿದರೆ ಜಮಖಂಡಿಯ ನಮ್ಮ ಓಣಿಯವರು ನಗುತ್ತಾರೆ, ಏಕೆಂದರೆ ಡಿಪ್ಲೊಮಾ ಮುಗಿಸಿದ ಮೇಲೆ ಎರಡು ವರ್ಷ ನಾನು ಅದನ್ನೇ ಪುಕ್ಕಟೆ ಮಾಡಿಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಆಮೇಲೆ ಒಂದು ಕಂಪನಿ ಅದಕ್ಕೆ ಪಗಾರ ಕೊಡುತ್ತಿತ್ತು, ಅಷ್ಟೇ ವ್ಯತ್ಯಾಸ. ಖರೆ ಹೇಳಬೇಕೆಂದರೆ ಆಕಾಶವನ್ನೂ ನಾನು ನೋಡುತ್ತಿರಲಿಲ್ಲ. ಆಕಾಶ ನೋಡಲು ಒಂದು ಪೆಟ್ಟಿಗೆ ಇತ್ತು, ನಾನು ಪೆಟ್ಟಿಗೆಯನ್ನು ನೋಡುತ್ತಿದ್ದೆ. ಅದನ್ನಾದರೂ ಸರಿಯಾಗಿ ನೋಡಿದ್ದರೆ ಹುನ್ನೂರಿನ ಗಿರಮಲ್ಲಪ್ಪ ಕಾಕಾ ಅವರ ಬಗ್ಗೆ ಹೀಗೆ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಹಿಪ್ಪರಗಿ ಬ್ಯಾರೇಜಿನಿಂದ ತುಸು ಆಚೆ, ಕೃಷ್ಣಾ ನದಿಯ ದಂಡೆಯಲ್ಲಿ ಬಳಕೆ ತಪ್ಪಿದ ಪಂಪ್‌ಹೌಸ್ ಒಂದಿದೆ. ಮಾಳಿಗೆಯ ಮೇಲೆ ಆಂಟೆನಾ, ಕೆಳಗಿನ ಕೋಣೆಯಲ್ಲಿ ಪೆಟ್ಟಿಗೆ, ಒಂದು ಪರದೆ, ಒಂದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ನಾನು. ಸುತ್ತ ಐದು ಕಿಲೋಮೀಟರಿನೊಳಗೆ ಎಲ್ಲಿ ಡ್ರೋನ್ ಎದ್ದರೂ ಪೆಟ್ಟಿಗೆ ಕುಂಯ್ಗುಡುತ್ತದೆ. ಎಲ್ಲಿಂದ ಎದ್ದಿತು, ಎಷ್ಟು ಎತ್ತರದಲ್ಲಿದೆ, ಎತ್ತ ಹೊರಟಿದೆ, ಅದರ ನಂಬರೇನು, ಎಲ್ಲವೂ ನಕಾಶೆಯ ಮೇಲೆ ಬರುತ್ತದೆ. ಬ್ಯಾರೇಜಿನ ಮೇಲೆ, ಕರೆಂಟಿನ ತಂತಿಯ ಹತ್ತಿರ, ಜನ ಓಡಾಡುವ ದಾರಿಯ ಮೇಲೆ ಪರವಾನಗಿ ಇಲ್ಲದೆ ಹಾರಿಸುವವರನ್ನು ಪತ್ತೆ ಮಾಡುವುದು ಉದ್ದೇಶ. ಮೂರು ತಿಂಗಳ ಪರೀಕ್ಷೆ. ಪೆಟ್ಟಿಗೆ ಪಾಸಾದರೆ ನಾನೂ ಪಾಸು ಎಂದು ಕೆಲಸಕ್ಕೆ ಹಚ್ಚಿದಾಗ ಹೇಳಿದ್ದರು.

ಪೆಟ್ಟಿಗೆ ಸದ್ದು ಮಾಡಿದಾಗಲೆಲ್ಲ ಪರದೆಯ ಮೇಲೆ ಮೂರು ಗುಂಡಿ ಮೂಡುತ್ತಿದ್ದವು: ಪಕ್ಷಿ, ಸಿಂಪಡಣೆ, ಅಪರಿಚಿತ. ಅಪರಿಚಿತ ಎಂದು ಒತ್ತಿದರೆ ಠಾಣೆಗೆ ಫೋನು ಮಾಡಬೇಕು, ಬೈಕ್ ತಗೊಂಡು ಆ ಜಾಗಕ್ಕೆ ಹೋಗಿ ಬರಬೇಕು, ಒಂಬತ್ತು ಖಾನೆಯ ಫಾರ್ಮು ತುಂಬಬೇಕು. ಸಿಂಪಡಣೆ ಎಂದರೆ ಮುಗಿಯಿತು. ಕಬ್ಬಿನ ಸೀಮೆಯಲ್ಲಿ ಡ್ರೋನಿನಿಂದ ಬೆಳೆಗೆ ಎಣ್ಣೆ, ಅಂದರೆ ಔಷಧಿ, ಹೊಡೆಸುವವರಿಗೆ ಈಗ ಬರವಿಲ್ಲ. ದಿನಕ್ಕೆ ಹತ್ತು ಹನ್ನೆರಡು ಸಲ ಪೆಟ್ಟಿಗೆ ಕುಂಯ್ ಎನ್ನುತ್ತಿತ್ತು. ಮೊದಲ ವಾರ ಒಂದೊಂದಕ್ಕೂ ಎದ್ದು ಹೋದೆ. ಎಲ್ಲ ಕಡೆಯೂ ಯಾರೋ ಒಬ್ಬ ರೈತ ಹೊಲದ ಬದುವಿನ ಮೇಲೆ, ಇಲ್ಲಿಯವರ ಮಾತಿನಲ್ಲಿ ಬಾಂದಿನ ಮೇಲೆ, ನಿಂತು, 'ಯಾಕ ಸಾಹೇಬ್ರ, ಏನಾತು' ಎಂದು ಕೇಳುತ್ತಿದ್ದ. ಎರಡನೆಯ ವಾರದಿಂದ ಕುರ್ಚಿಯಲ್ಲೇ ಕೂತು ಒತ್ತತೊಡಗಿದೆ. ಮೂರನೆಯ ವಾರ ನನ್ನ ಹೆಬ್ಬೆರಳಿಗೆ ಗುಂಡಿಯ ಜಾಗ ಬಾಯಿಪಾಠವಾಗಿತ್ತು, ಕಣ್ಣು ಮೊಬೈಲಿನ ಮೇಲಿದ್ದರೂ ನಡೆಯುತ್ತಿತ್ತು.

ಗಿರಮಲ್ಲಪ್ಪ ಕಾಕಾ ದಿನಾ ಮಧ್ಯಾಹ್ನ ಪಂಪ್‌ಹೌಸಿನ ನೆರಳಿಗೆ ಬರುತ್ತಿದ್ದರು. ಅರವತ್ತರ ಆಸುಪಾಸು, ತೆಳ್ಳಗಿನ ಆಳು, ಹೆಗಲ ಮೇಲೆ ಕಂಬಳಿ. ಹಿಂದೆ ನೂರಾಹತ್ತು ಕುರಿ. ಅವು ಬೇವಿನ ಗಿಡದ ಕೆಳಗೆ ತಲೆಗೆ ತಲೆ ಹಚ್ಚಿ ನಿಲ್ಲುತ್ತಿದ್ದವು, ಕಾಕಾ ಗೋಡೆಗೆ ಬೆನ್ನು ಹಚ್ಚಿ ಕೂಡುತ್ತಿದ್ದರು. ಮೊದಲ ದಿನವೇ ನನ್ನ ಪೆಟ್ಟಿಗೆಯ ಮಾನ ಕಳೆದರು.

"ಬಂತು ನೋಡು ತಮ್ಮಾ, ಗುಂಗಿಹುಳ," ಎಂದರು.

"ಎಲ್ಲೈತ್ರಿ ಕಾಕಾ?"

"ಕುರಿ ಕಿವಿ ನೋಡು."

ಕುರಿಗಳ ಕಿವಿ ಒಂದೇ ದಿಕ್ಕಿಗೆ ತಿರುಗಿದ್ದವು. ನಾನು ಒಂದರಿಂದ ಎಂಟರವರೆಗೆ ಎಣಿಸಿದೆ, ಆಮೇಲೆ ಪೆಟ್ಟಿಗೆ ಕುಂಯ್ ಎಂದಿತು.

"ಇದಕ್ಕ ಎಷ್ಟ ಕೊಟ್ಟಾರ?"

"ಗೊತ್ತಿಲ್ರಿ. ಭಾಳ ಇರಬೇಕ್ರಿ."

"ನಂದೊಂದ ಕುರಿ ಕೊಡ್ತೇನಿ, ಮ್ಯಾಲ ಕಟ್ಟು," ಎಂದು ಕಣ್ಣು ಮುಚ್ಚಿದರು. ಕಣ್ಣು ಮುಚ್ಚುವುದೆಂದರೆ ಅವರಿಗೆ ನಿದ್ದೆಯಲ್ಲ. ಕುರಿಯೊಂದು ಗುಂಪು ಬಿಟ್ಟು ನಾಲ್ಕು ಹೆಜ್ಜೆ ಇಟ್ಟರೆ, ಕಣ್ಣು ತೆರೆಯದೆಯೇ ಅದನ್ನು ಹೆಸರು ಹಿಡಿದು ಬೈಯುತ್ತಿದ್ದರು.

ಅವರು ಹುಟ್ಟಿದ್ದು ಲೋಕಾಪುರದ ಹತ್ತಿರ ಯಾರದೋ ಜೋಳದ ಹೊಲದಲ್ಲಿ, ಕುರಿದಡ್ಡಿಯ ಮಗ್ಗುಲಲ್ಲಿ. ಹೆತ್ತ ಮೂರನೆಯ ದಿನ ಕುರಿ ಮುಂದೆ ನಡೆದವು, ತಾಯಿಯೂ ನಡೆದಳು. ಸಾಲೆಗೆ ಹೋದದ್ದು ಒಂದೇ ಮಳೆಗಾಲ. "ಎಣಸೂದ ಕಲಿಸಿದ್ರು. ಅದು ನನಗ ಮೊದಲಽ ಬರ್ತಿತ್ತು, ಬಿಟ್ಟೆ," ಎನ್ನುತ್ತಿದ್ದರು. ಬೇಸಿಗೆಗೆ ಬೀಳಗಿ ಕಡೆಯ ಗುಡ್ಡ, ಚಳಿಗಾಲಕ್ಕೆ ಕೃಷ್ಣೆಯ ದಂಡೆಯ ಕಬ್ಬಿನ ಸೀಮೆ. ಕಬ್ಬು ಕಡಿದ ಹೊಲದಲ್ಲಿ ಬಿದ್ದ ಹಸಿ ಸೋಗೆಯನ್ನು ಕುರಿ ತಿನ್ನುತ್ತವೆ. ಆಮೇಲೆ ಹೊಲದವರು ಕರೆದರೆ ಅಲ್ಲೇ ಬಲೆ ಕಟ್ಟಿ ರಾತ್ರಿಯಿಡೀ ಕುರಿ ತರುಬುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಕಾಳುಕಡಿ. ಹಾಗಾಗಿ ಕುರಿಗಾರನ ಬದುಕು ನಿಂತಿರುವುದು ಕರೆಯ ಮೇಲೆ. ಒಬ್ಬ ಕರೆದರೆ ಪಕ್ಕದವನು ಕರೆಯುತ್ತಾನೆ. ಒಬ್ಬ ಬೇಡ ಎಂದರೆ ಪಕ್ಕದವನು ಯಾಕೆ ಎಂದು ಕೇಳುತ್ತಾನೆ.

ಇದರಿಂದ ಅವರ ತಲೆಯಲ್ಲಿ ಒಂದು ನಕಾಶೆ ಇತ್ತು. ಯಾರ ಹೊಲಕ್ಕೆ ಕಡಿಯುವ ಗ್ಯಾಂಗು ಯಾವಾಗ ಬಂತು, ಯಾವ ಬಾಂದಿನವರೆಗೆ ಕಡಿದರು, ಎಲ್ಲಿ ಒಣಗಿದ ಸೋಗೆಯ ರವದಿ ಸುಟ್ಟರು, ಎಲ್ಲಿ ಹಾಗೇ ಬಿಟ್ಟರು, ಎಲ್ಲ ಗೊತ್ತು. ನನ್ನ ಪರದೆಯ ಮೇಲಿನ ನಕಾಶೆ ವರ್ಷದ ಹಿಂದಿನದು. ಅದರಲ್ಲಿ ಎಲ್ಲ ಹೊಲವೂ ಹಸಿರು.

ಆ ಗುರುವಾರ ನಾಲ್ಕೂವರೆಯ ಮೇಲೆ ನಾನು ಮಿರ್ಚಿ ಭಜಿ ತಿನ್ನುತ್ತಿದ್ದೆ. ಪೆಟ್ಟಿಗೆ ಸದ್ದು ಮಾಡಿತು. ಎಣ್ಣೆಯ ಬೆರಳು ಪರದೆಗೆ ತಾಗಬಾರದೆಂದು ಕಿರುಬೆರಳಿನಿಂದ ಸಿಂಪಡಣೆ ಒತ್ತಿದೆ. ಪರದೆಯ ಬಗ್ಗೆ ನನಗೆ ಅಷ್ಟು ಕಾಳಜಿ ಇತ್ತು.

ಅದೇ ಹೊತ್ತಿಗೆ, ಎರಡು ಕಿಲೋಮೀಟರ್ ಆಚೆ, ಗಿರಮಲ್ಲಪ್ಪ ಕಾಕಾ ಅವರ ಕುರಿ ಒಮ್ಮೆಲೇ ಚದುರಿ ಡಾಂಬರು ರಸ್ತೆಗೆ ನುಗ್ಗಿದವು. ರಬಕವಿಯ ನೇಕಾರ ಬಸವಕುಮಾರ ಬೈಕಿನ ಮೇಲೆ ಮನೆಗೆ ಹೊರಟಿದ್ದ. ಬಿದ್ದು ಬಲಗಾಲು ಮುರಿಯಿತು. ಕಬ್ಬು ಹೇರಿದ ಟ್ರ್ಯಾಕ್ಟರಿನ ಕೆಳಗೆ ಮೂರು ಕುರಿ ಹೋದವು. ಟ್ರ್ಯಾಕ್ಟರಿನವನು ಹಾಡು ಜೋರಾಗಿ ಹಚ್ಚಿದ್ದ, ಅವನಿಗೆ ಬೇರೆ ಸದ್ದು ಕೇಳಿರಲಿಲ್ಲ. ಬಸವಕುಮಾರ ಹೆಲ್ಮೆಟ್ಟಿನೊಳಗಿದ್ದ. ಡ್ರೋನ್ ಬಂದು ಕುರಿ ಬೆದರಿದವು ಎಂದು ಹೇಳಿದವರು ಕಾಕಾ ಒಬ್ಬರೇ. ಕುರಿಗಾರ ನಿದ್ದೆ ಹೋಗಿದ್ದ ಎಂದು ಹೇಳಿದವರು ಉಳಿದವರೆಲ್ಲ.

ಶುಕ್ರವಾರ ಕಾಕಾ ನೆರಳಿಗೆ ಬಂದಿರಲಿಲ್ಲ. ನನಗೆ ಇದು ತಿಳಿದದ್ದು ಶನಿವಾರ, ಅವರ ಹೆಂಡತಿ ಮಾಯವ್ವ ರೊಟ್ಟಿ ಗಂಟು ಹೊತ್ತು ಪಂಪ್‌ಹೌಸಿಗೆ ಬಂದಾಗ. ಕಾಕಾ ಎಂದಿನಂತೆ ಗೋಡೆಗೆ ಒರಗಿದ್ದರು. ಮಾಯವ್ವ ಗಂಟು ಇಟ್ಟು ನನ್ನ ಕಡೆ ತಿರುಗಿದರು.

"ತಮ್ಮಾ, ನೀ ಸಾಲಿ ಕಲ್ತಾವ. ನೀನ ಹೇಳು ಇವ್ರಿಗಿ. ನಿನ್ನಿ ಬೀರಪ್ಪನ ಗುಡಿ ಮುಂದ ಹಿರ್ಯಾರು ಕೂಡಿದ್ರು. ಚನಮಲ್ಲಪ್ಪನೂ ಬಂದಿದ್ದ. ಅವನ ಹೊಲದಾಗ ಮುಂದಿನ ವಾರ ನಮ್ಮ ಕುರಿ ತರುಬೂದಿತ್ತು. ಭಂಡಾರ ಎತ್ತು, ನಂಬತೇವಿ ಅಂದ್ರು. ಇವ್ರು ಎತ್ತಲಿಲ್ಲ."

ಭಂಡಾರವೆಂದರೆ ಬೀರಪ್ಪನ, ಅಂದರೆ ಬೀರೇಶ್ವರನ, ಅರಿಷಿಣಪುಡಿ. ಅದನ್ನು ಅಂಗೈಯಲ್ಲಿ ಹಿಡಿದು ಆಡಿದ ಮಾತಿಗೆ ಆ ಗುಡಿಯ ಮುಂದೆ ಎದುರು ಮಾತಿಲ್ಲ. ಎತ್ತದಿದ್ದರೆ ಅದಕ್ಕೆ ಇರುವ ಅರ್ಥ ಒಂದೇ.

"ಯಾಕ್ರಿ ಕಾಕಾ? ಡ್ರೋನ್ ಬಂದಿದ್ದ ಖರೆ ಅಲ್ಲೇನ್ರಿ?"

"ಖರೆ."

"ಮತ್ತ?"

ಕಾಕಾ ಕಂಬಳಿಯ ಅಂಚಿನಿಂದ ಒಂದು ಮುಳ್ಳು ಕಿತ್ತರು. "ಅವ್ರು ಕೇಳಿದ್ದು ಬ್ಯಾರೆ. ಕಣ್ಣ ಮುಚ್ಚಿರಲಿಲ್ಲ ಅಂತ ಎತ್ತು ಅಂದ್ರು. ನಾ ಮುಚ್ಚಿದ್ದೆ."

"ನಿದ್ದಿ ಹತ್ತಿತ್ತೇನ್ರಿ?"

"ನಿದ್ದಿ ಎಲ್ಲಿಂದ ಬರ್ತೈತಿ. ಬಿಸಲಿಗಿ ಕಣ್ಣ ಮುಚ್ಚಿದ್ದೆ. ಕಿವಿ ತೆರದಿತ್ತು. ಆದ್ರ ಕಣ್ಣ ಮುಚ್ಚಿದ್ದು ಮುಚ್ಚಿದ್ದಽ."

"ಕೇಳಿದೇನು," ಎಂದರು ಮಾಯವ್ವ. "ಅಷ್ಟಕ್ಕ ಊರ ಕಳಕೊಂಡು ಕುಂತಾರ. ಚನಮಲ್ಲಪ್ಪ ಏನಂದ ಗೊತ್ತೇನು? ನನ್ನ ಹೊಲ ರಸ್ತೆಕ್ಕ ಹಚ್ಚಿ ಐತಿ, ನಿದ್ದಿ ಮಾಡಾವನ ಕುರಿ ಬ್ಯಾಡ ಅಂದ. ಇವತ್ತ ಮುಂಜಾನಿ ಅವನ ಬಾಜು ಹೊಲದವನೂ ಬ್ಯಾಡ ಅಂದ. ಚಳಿಗಾಲ ಇನ್ನಾ ಭಾಳ ಐತಿ, ಈ ಕುರಿ ತಗೊಂಡು ಎಲ್ಲಿಗಿ ಹೋಗೂದು? ನಲವತ್ತ ವರ್ಷದ ಹೆಸರು ಮೂರ ದಿನದಾಗ ಹೋತು."

ಕಾಕಾ ನನ್ನ ಕೋಣೆಯ ಬಾಗಿಲಿನ ಕಡೆ ನೋಡಿದರು. "ತಮ್ಮಾ, ನಿನ್ನ ಪೆಟ್ಟಿಗ್ಯಾಗ ಬರ್ಕೊಂಡಿರ್ತೈತಲ್ಲ?"

ಬರೆದುಕೊಂಡಿತ್ತು. ಗುರುವಾರ, ನಾಲ್ಕು ಗಂಟೆ ಮೂವತ್ತೆಂಟು ನಿಮಿಷ. ಎದ್ದ ಜಾಗ, ಹೋದ ದಾರಿ, ರಸ್ತೆಯ ಹತ್ತಿರ ಆಳೆತ್ತರಕ್ಕೆ ಕೆಳಗಿಳಿದದ್ದು, ನಂಬರು, ಎಲ್ಲ. ಅದರ ಮುಂದೆ ನನ್ನ ಕಿರುಬೆರಳಿನ ಬರಹ: ಸಿಂಪಡಣೆ. ಓದಿ ಹೇಳಿದೆ. ಎದ್ದ ಜಾಗವನ್ನು ನಕಾಶೆಯಲ್ಲಿ ತೋರಿಸಿದೆ. ಕಾಕಾ ಪರದೆಯ ಹತ್ತಿರ ಬಂದು ಕಾಲುವೆ ಯಾವುದು, ರಸ್ತೆ ಯಾವುದು ಎಂದು ಕೇಳಿ ತಿಳಿದುಕೊಂಡರು.

"ಇದು ಜಕ್ಕಪ್ಪನ ಹೊಲ. ಅಮಾಸಿ ಮರುದಿನ ಕಡದಾರ. ಕಡದ ಹೊಲಕ್ಕ ಎಣ್ಣಿ ಯಾಕ ಹೊಡಿತಾರ? ರವದಿಗೆ ರೋಗ ಬಂದೈತೇನು?"

ನಾನು ಪರದೆಯಲ್ಲಿ ಆ ಹೊಲವನ್ನು ದೊಡ್ಡದು ಮಾಡಿದೆ, ಅಲ್ಲಿ ಅದು ಹಸಿರಾಗಿಯೇ ಇತ್ತು.

"ಕಬ್ಬು ನಿಂತಲ್ಲಿ ಇದನ್ನ ಹಾರಸಾಕ ಜಾಗ ಎಲ್ಲೈತಿ. ಅದಕ್ಕ ಕಡದ ಹೊಲ ಹುಡಿಕ್ಯಾರ, ನಮ್ಮ ಕುರಿ ಹುಡಿಕಿದಂಗ." ಅವರಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಬಿಡಿಸುವವರಂತೆ ಮಾತಾಡುತ್ತಿದ್ದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು, "ಪೆಟ್ಟಿಗಿ ತಪ್ಪಿ ಬರದೈತೇನು?"

ತಪ್ಪಿಸಿಕೊಳ್ಳುವ ದಾರಿಯನ್ನು ಅವರೇ ತೆರೆದುಕೊಟ್ಟರು. ನಾನು ಹೊಕ್ಕೆ.

"ಹೌದ್ರಿ ಕಾಕಾ. ಪೆಟ್ಟಿಗಿ ತಪ್ಪೈತ್ರಿ."

"ಪಾಪ," ಎಂದರು ಗಿರಮಲ್ಲಪ್ಪ ಕಾಕಾ, ಪೆಟ್ಟಿಗೆಯನ್ನು ನೋಡಿ. "ಅದೂ ದಣದಿರಬೇಕು. ದಿನಾ ಒಂದಽ ಕೆಲಸ."

ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದರು. ಮಾಯವ್ವ ಹೋಗುವಾಗ ಒಂದು ರೊಟ್ಟಿ, ಶೇಂಗಾ ಚಟ್ನಿ ನನ್ನ ಕುರ್ಚಿಯ ಮೇಲೆ ಇಟ್ಟರು. ರೊಟ್ಟಿ ಛಲೋ ಇತ್ತು. ತಿಂದೆ. ನನ್ನಂಥವನ ಹಸಿವು ಅಂಥ ಹೊತ್ತಿನಲ್ಲೂ ಕೆಡುವುದಿಲ್ಲ.

ಭಾನುವಾರ ಅವರು ನೆರಳಿಗೆ ಬರಲಿಲ್ಲ, ಸೋಮವಾರವೂ ಬರಲಿಲ್ಲ. ಕಾಲುವೆಯ ಏರಿಯ ಮೇಲೆ, ಹೊಲಗಳ ಹೊರಗೆ, ದೂಳು ತುಂಬಿದ ಹುಲ್ಲಿನಲ್ಲಿ ಅವರ ಕುರಿ ಕಾಣುತ್ತಿದ್ದವು. ಕರೆಯದ ಹೊಲಕ್ಕೆ ಕುರಿಗಾರ ಕಾಲಿಡುವುದಿಲ್ಲ. ನಾನು ಕೆಲಸವಿಲ್ಲದೆ ಹಳೆಯ ದಾಖಲೆ ತೆರೆದೆ. ಮೂರು ವಾರದಲ್ಲಿ ನಾನು ಸಿಂಪಡಣೆ ಎಂದು ಒತ್ತಿದ್ದು ನೂರಾ ಎಪ್ಪತ್ತಕ್ಕೂ ಹೆಚ್ಚು. ಅವುಗಳಲ್ಲಿ ಎಷ್ಟು ಕಡಿದ ಹೊಲದಿಂದ ಎದ್ದವು ಎಂದು ಹೇಳಬಲ್ಲ ಮನುಷ್ಯ ಏರಿಯ ಮೇಲೆ ಕೂತಿದ್ದರು, ಅವರನ್ನು ಕೇಳುವ ಮುಖ ನನಗಿರಲಿಲ್ಲ.

ಮಂಗಳವಾರ ಮುಂಜಾನೆ ಕಂಪನಿಯ ಮೇಲ್ವಿಚಾರಕಿ ವೈಶಾಲಿ ಮೇಡಂ ಅವರಿಗೆ ಫೋನು ಮಾಡಿದೆ. ಬೆಳಗಾವಿಯಲ್ಲಿ ಇರುತ್ತಾರೆ, ನನ್ನಂಥ ಒಂಬತ್ತು ಮಂದಿಯನ್ನು ಫೋನಿನಲ್ಲೇ ಕಾಯುತ್ತಾರೆ. ಎಲ್ಲ ಹೇಳಿದೆ. ಹಿಂದೆ ಮಿಕ್ಸರಿನ ಸದ್ದು ಕೇಳಿಸುತ್ತಿತ್ತು.

"ಗುರುಪಾದ, ನಿಮ್ಮ ಸ್ಟೇಶನ್ನಿನ ರಿಪೋರ್ಟ್ ಹೋದ ವಾರ ಮ್ಯಾಲ ಕಳಿಸೇನಿ. ಪರವಾನಗಿ ಇಲ್ಲದ್ದು ಸೊನ್ನೆ ಅಂತ. ಎಲ್ಲಾರೂ ಖುಷಿ ಆದ್ರು."

"ಗೊತ್ರಿ ಮೇಡಂ."

"ಈಗ ಅದು ಸುಳ್ಳು ಅಂತ ನೀವಽ ಬರದು ಕೊಡ್ತೀರಿ."

"ಹೌದ್ರಿ."

"ಬರದು ಕೊಟ್ರ ನಿಮ್ಮನ್ನ ಇಟ್ಕೊಳ್ಳಾಕ ಆಗೂದಿಲ್ಲ. ನನ್ನ ಕೈಯಾಗಿಲ್ಲ ಅದು."

"ಗೊತ್ರಿ."

"ಹಂಗಾರ ಯಾಕ ಫೋನ್ ಮಾಡಿದ್ರಿ? ಸುಮ್ನ ಕಳಸಬೇಕಿತ್ತಲ್ರಿ," ಎಂದರು. ದನಿಯಲ್ಲಿ ಸಿಟ್ಟಿಗಿಂತ ಆಯಾಸ ಇತ್ತು. "ಕಳಸ್ರಿ. ಆ ನಂಬರ್ ನಾ ಪೊಲೀಸ್ರಿಗಿ ಕೊಡ್ತೇನಿ. ಗುರುವಾರದ ದಾಖಲಿ ಪ್ರತಿ ಒಂದು ನಿಮಗೂ ಕಳಸ್ತೇನಿ, ಆ ಹಿರ್ಯಾರಿಗಿ ತೋರಸ್ರಿ."

ಸಂಜೆ ಹುನ್ನೂರಿನ ಬೀರೇಶ್ವರನ ಗುಡಿಯ ಕಟ್ಟೆಗೆ ಹೋದೆ. ಕಾಗದ ತರುತ್ತೇನೆಂದು ನಾನು ಮೊದಲೇ ತಿಳಿಸಿದ್ದರಿಂದ ಮಾಯವ್ವ ಹಿರಿಯರಿಗೆ ಹೇಳಿ ಕಳಿಸಿದ್ದರು. ಚನಮಲ್ಲಪ್ಪ ನಡುವೆ ಕೂತಿದ್ದರು. ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಧೋತರ, ಮಾತು ಕಡಿಮೆ. ಗಿರಮಲ್ಲಪ್ಪ ಕಾಕಾ ಕಂಬದ ಹತ್ತಿರ ನಿಂತಿದ್ದರು. ಚನಮಲ್ಲಪ್ಪ ನನ್ನ ಕಾಗದವನ್ನು ಮೇಲಿನಿಂದ ಕೆಳಗೆ ಓದಿದರು, ಮತ್ತೆ ಕೆಳಗಿನಿಂದ ಮೇಲೆ ಓದಿದರು.

"ಇಲ್ಲಿ ಸಿಂಪಡಣೆ ಅಂತ ಐತಿ."

"ಅದು ತಪ್ಪ್ರಿ. ಜಕ್ಕಪ್ಪನವ್ರ ಹೊಲ ಕಡದಿತ್ರಿ. ಅಲ್ಲಿ ಯಾರೂ ಎಣ್ಣಿ ಹೊಡದಿಲ್ರಿ."

"ಅದು ನಮಗೂ ಗೊತ್ತೈತಿ. ಬರದಾವ ಯಾರು?"

"ನಾನ್ರಿ."

ಕಾಕಾ ಕಂಬದಿಂದ ಬೆನ್ನು ತೆಗೆದರು. "ಪೆಟ್ಟಿಗಿ ಅಂದಿದ್ದೆಲ್ಲೋ ತಮ್ಮಾ?"

"ಸುಳ್ಳ ಹೇಳಿದ್ದೆ ಕಾಕಾ. ಪೆಟ್ಟಿಗಿ ಖರೇನ ಬರದಿತ್ತು. ಗುಂಡಿ ಒತ್ತಿದಾವ ನಾನು."

ಅವರು ಮತ್ತೆ ಕಂಬಕ್ಕೆ ಒರಗಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಚನಮಲ್ಲಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. "ಹುಡುಗಾ, ಅವತ್ತ ಸುಳ್ಳ ಬರದಿ. ಆಮ್ಯಾಲ ಸುಳ್ಳ ಹೇಳಿದಿ. ಇವತ್ತ ಖರೆ ಅಂತ ಹೆಂಗ ತಿಳಿಯೂದು?"

ಪ್ರಶ್ನೆ ನ್ಯಾಯವಾಗಿತ್ತು. ಪೂಜಾರಿ ಒಳಗಿನಿಂದ ಹಿತ್ತಾಳೆಯ ತಟ್ಟೆ ತಂದು ನನ್ನ ಮುಂದೆ ಇಟ್ಟ. ನಾನು ವಿಭೂತಿ ಹಚ್ಚುವ ಮನೆಯವನು. ಹಚ್ಚಿಕೊಳ್ಳುವುದು ಅಮ್ಮ ನೋಡುತ್ತಿದ್ದರೆ ಮಾತ್ರ. ದೇವರಿಗೆ ಹೆದರುವ ಪೈಕಿ ಅಲ್ಲ ಎಂದುಕೊಂಡಿದ್ದೆ. ತಟ್ಟೆಯಲ್ಲಿ ಹಳದಿ ಗುಡ್ಡೆ ನೋಡಿದಾಗ ಕೈ ಮುಂದೆ ಹೋಗಲಿಲ್ಲ.

"ಡ್ರೋನ್ ಬಂದಽ ಕುರಿ ಬೆದರಿದ್ವು, ಗಿರಮಲ್ಲ ಮಲಗಿರಲಿಲ್ಲ ಅಂತ ಎತ್ತು," ಎಂದ ಹಿರಿಯರೊಬ್ಬರ ಮಾತು ಕೇಳಿಸಿತು.

ಎತ್ತಿಬಿಡಬಹುದಿತ್ತು. ವಾರಗಟ್ಟಲೆ ನೋಡದೆ ಒತ್ತಿದವನಿಗೆ ಇದೊಂದು ದೊಡ್ಡದಲ್ಲ. ಕಾಕಾ ಅವರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಅದನ್ನ ನಾ ನೋಡಿಲ್ರಿ," ಎಂದೆ. "ಕುರಿ ನೋಡಿಲ್ಲ, ಕಾಕಾನ ಕಣ್ಣೂ ನೋಡಿಲ್ಲ. ನಾ ಬಲ್ಲದ್ದಷ್ಟಽ ಹೇಳ್ತೇನ್ರಿ." ಭಂಡಾರ ಅಂಗೈಗೆ ತಗೊಂಡೆ. "ಗುರುವಾರ ನಾಕು ಮೂವತ್ತೆಂಟಕ್ಕ ಜಕ್ಕಪ್ಪನವ್ರ ಕಡದ ಹೊಲದಿಂದ ಒಂದು ಡ್ರೋನ್ ಎದ್ದೈತಿ. ಆ ರಸ್ತೆ ಮ್ಯಾಲ ಆಳೆತ್ತರಕ್ಕ ಇಳದೈತಿ. ಪೆಟ್ಟಿಗಿ ನನಗ ಹೇಳಿತ್ತು. ನಾ ಮಿರ್ಚಿ ತಿನ್ನಾಕತ್ತಿದ್ದೆ. ನೋಡದಽ ಒತ್ತಿದೆ."

ಹಿಂದೆ ಯಾರೋ ನಕ್ಕರು. ಚನಮಲ್ಲಪ್ಪ ನಗಲಿಲ್ಲ. ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡರು.

"ಗಿರಮಲ್ಲಾ, ಅವತ್ತ ನಾವು ಕೇಳಿದ್ದು ಸರಿ ಇರಲಿಲ್ಲ," ಎಂದರು. "ಕಣ್ಣ ಯಾವನರೆ ಮುಚ್ಚದಽ ಇರ್ತಾನೇನು. ಇವಾ ಕಣ್ಣ ತೆರದಽ ಇದ್ದ, ತಿನ್ನೂದು ಬಿಟ್ಟು ಏನ್ ಮಾಡಿದಾ?" ಆಮೇಲೆ, ಎದ್ದು ಚಪ್ಪಲಿ ಮೆಟ್ಟುವಾಗ, "ನಾಳಿಂದ ನನ್ನ ಹೊಲದಾಗ ಕುರಿ ತರುಬಾಕ ಬಲೆ ಕಟ್ಟು. ರಸ್ತೆ ಕಡೆ ಎರಡ ಸುತ್ತ ಕಟ್ಟು."

"ಆತ್ರಿ," ಎಂದರು ಕಾಕಾ.

ಮಾಯವ್ವ ಗುಡಿಯ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನ ಹತ್ತಿರ ಬಂದಾಗ, "ನನ್ನ ರೊಟ್ಟಿ ತಿಂದಿದ್ದೆಲ್ಲೋ," ಎಂದರು. ಸೆರಗು ಹೊದ್ದು ಕಾಕಾ ಅವರ ಹಿಂದೆ ನಡೆದರು.

ಡ್ರೋನಿನವನು ವಾರದೊಳಗೆ ಸಿಕ್ಕ. ಬನಹಟ್ಟಿಯ ಸಿದ್ದಾರ್ಥ, ಮದುವೆ ವಿಡಿಯೊ ತೆಗೆಯುವವನು. ನದಿಯ ದಂಡೆಯಲ್ಲಿ ಒಂದು ಜೋಡಿಯ ಶೂಟಿಂಗಿಗೆ ಬಂದಿದ್ದ, ಪರವಾನಗಿ ತೆಗೆದಿರಲಿಲ್ಲ. ನಾನು ಠಾಣೆಗೆ ಹೇಳಿಕೆ ಕೊಡಲು ಹೋದಾಗ ಅವನೂ ಬೆಂಚಿನ ಮೇಲೆ ಕೂತಿದ್ದ. ನನ್ನಷ್ಟೇ ವಯಸ್ಸು, ನನ್ನಷ್ಟೇ ಸೊರಗಿದ ಮುಖ. "ಮ್ಯಾಲಿಂದ ಕುರಿ ಭಾಳ ಚಂದ ಕಾಣಾಕತ್ತಿದ್ವು," ಎಂದ. "ಒಂದ ಸಲ ಕೆಳಗ ಇಳಿಸಿದೆ. ಓಡಿದ್ವು. ರಸ್ತೆ ಐತಿ ಅಂತ ಲಕ್ಷ್ಯಕ್ಕ ಬರಲಿಲ್ಲ." ಬಸವಕುಮಾರನ ಮನೆಗೆ ಹೋಗಿ ಬಂದಿದ್ದನಂತೆ. ಬಸವಕುಮಾರನ ಕಾಲು ಕೂಡುವವರೆಗೂ ಅವನ ಮಗ್ಗ ನಿಂತಿರುತ್ತದೆ. ಅದನ್ನು ಯಾರ ಭಂಡಾರವೂ ಸರಿಮಾಡುವುದಿಲ್ಲ.

ಹೊಸ ಹುಡುಗ ಬರುವವರೆಗೆ ಪೆಟ್ಟಿಗೆ ಕಾಯಿರಿ ಎಂದು ವೈಶಾಲಿ ಮೇಡಂ ಹೇಳಿದರು. ಕೊನೆಯ ದಿನ ಮಧ್ಯಾಹ್ನ ಗಿರಮಲ್ಲಪ್ಪ ಕಾಕಾ ನೆರಳಿಗೆ ಬಂದರು. ಮೊದಲಿನಂತೆಯೇ ಗೋಡೆಗೆ ಬೆನ್ನು ಹಚ್ಚಿ ಕೂತರು. ಸ್ವಲ್ಪ ಹೊತ್ತಿಗೆ ಕುರಿಗಳ ಕಿವಿ ತಿರುಗಿದವು, ಎಂಟು ಎಣಿಸುವಷ್ಟರಲ್ಲಿ ಪೆಟ್ಟಿಗೆ ಕುಂಯ್ ಎಂದಿತು.

"ಯಾವ ಕಡೆ?" ಎಂದು ಕೇಳಿದರು.

ನಕಾಶೆ ನೋಡಿ ಹೇಳಿದೆ.

"ಅಲ್ಲಿ ಕಬ್ಬು ನಿಂತೈತಿ, ನಡುವ ಬಾಂದ ಅಗಲ ಐತಿ, ಹಾರಸಾಕ ಜಾಗ ಐತಿ. ಎಣ್ಣಿ ಹೊಡ್ಯಾಕತ್ತಿರಬೇಕು. ಕುಂಡ್ರು ಸುಮ್ನ, ಬಿಸಲು ಭಾಳೈತಿ."

ಅವರ ಮಾತು ಸರಿಯೇ ಇರುತ್ತದೆ ಎಂದು ನನಗೆ ಗೊತ್ತಿತ್ತು. ಅಪರಿಚಿತ ಒತ್ತಿದೆ. ಠಾಣೆಗೆ ಫೋನು ಮಾಡಿದೆ, ಫಾರ್ಮಿನ ಮೊದಲ ಖಾನೆ ತುಂಬಿ ಬೈಕಿನ ಕೀಲಿ ತಗೊಂಡೆ. ಉಗುರಿನ ಸಂದಿಯಲ್ಲಿ ಭಂಡಾರದ ಹಳದಿ ಇನ್ನೂ ಹೋಗಿರಲಿಲ್ಲ.

"ಹೋಗಿ ಬಾ ಹಂಗಾರ," ಎಂದರು ಕಾಕಾ. "ಅಲ್ಲೀಮಟ ನಿನ್ನ ಪೆಟ್ಟಿಗಿ ನಾ ನೋಡ್ಕೋತೇನಿ."

"ಕಣ್ಣ ಮುಚ್ಚಬ್ಯಾಡ್ರಿ ಮತ್ತ."

ಅವರು ಆಗಲೇ ಕಂಬಳಿ ಸರಿ ಮಾಡಿಕೊಂಡು ಗೋಡೆಗೆ ಒರಗಿದ್ದರು.

"ಮುಚ್ಚಿದ್ರ ಹೇಳ್ತೇನೇಳು."